200 ಯೂನಿಟ್ ಒಳಗೆ ಗೇಮಿಂಗ್

ನಮ್ಮ ಮನೆಯ ಕಂಪ್ಯೂಟರ್ 2018ರದ್ದು. ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್‌ನ ಬ್ರಾಂಜ್ ದರ್ಜೆಯ ಪವರ್ ಸಪ್ಲೈ. ಹಗಲು ನಾನು ಅದರಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ಸಂಜೆಯಾದರೆ ಅದು ಆಟಕ್ಕೆ. ಸ್ವಲ್ಪ ಹೊತ್ತು ನನಗೆ, ಜಾಸ್ತಿ ಹೊತ್ತು ತಮ್ಮನಿಗೆ. ತಮ್ಮ ಕಾಲೇಜು ಮುಗಿಸಿ 2024ರಲ್ಲಿ ಊರಿಗೆ ಬಂದ ಮೇಲೆ ಆಟದ ಗಂಟೆಗಳು ಏರಿದವು. ಹೊಸ ಆಟಗಳು ಹಳೇ ಕಾರ್ಡಿನಲ್ಲಿ ತಡವರಿಸತೊಡಗಿದವು. ಅಪ್‌ಗ್ರೇಡ್ ಮಾಡೋಣ ಅಂತಾಯಿತು. ನಾನು ಒಂದೇ ಷರತ್ತು ಹಾಕಿದೆ: ವೇಗ ಹೆಚ್ಚಬೇಕು, ಕರೆಂಟ್ ಕಡಿಮೆಯಾಗಬೇಕು. ಎರಡೂ ಒಟ್ಟಿಗೆ ಆಗಬೇಕು.

ಈ ಷರತ್ತಿಗೆ ಕಾರಣ ಇತ್ತು. 2023ರ ಜುಲೈನಿಂದ ಗೃಹಜ್ಯೋತಿ ಬಂತಲ್ವಾ, ಅದರ ಲೆಕ್ಕ ಹೀಗಿದೆ. 2022–23ರಲ್ಲಿ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅಷ್ಟು, ಅದರ ಮೇಲೆ ಇನ್ನೊಂದು ಸ್ವಲ್ಪ, ಉಚಿತ. ಅದನ್ನು ಮೀರಿದರೆ ಹೆಚ್ಚಾದ ಯೂನಿಟ್‌ಗಳಿಗೆ ಮಾತ್ರ ದುಡ್ಡು. ಆದರೆ ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ನಮ್ಮದೇ. ಯೂನಿಟ್‌ಗೆ ಆರು ರೂಪಾಯಿ ಹತ್ತಿರ ಇರುವಾಗ 199 ಮತ್ತು 205ರ ನಡುವಿನ ವ್ಯತ್ಯಾಸ ಸಾವಿರ ರೂಪಾಯಿ ಆಗಿಬಿಡುತ್ತದೆ. ತಮ್ಮ ಬಂದ ಮೇಲೆ ನಮ್ಮ ಮೀಟರ್ ಆ ಗೆರೆಯ ಮೇಲೇ ಓಡಾಡುತ್ತಿತ್ತು. "ಏನ್ರೋ, ಈ ಸಲ ಸೊನ್ನೆ ಬಿಲ್ಲೂ ಇಲ್ಲ, ಅರ್ಧ ಬಿಲ್ಲೂ ಇಲ್ಲ" ಅಂತ ಅಪ್ಪಯ್ಯ ಚೀಟಿ ಹಿಡಿದುಕೊಂಡು ಕೇಳಿದಾಗ ಕಂಪ್ಯೂಟರಿನ ಪಾಲು ಎಷ್ಟು ಅಂತ ತಿಳಿದುಕೊಳ್ಳಲೇಬೇಕಾಯಿತು.

ಇನ್ನೊಂದು ಕಾರಣ ಇನ್ವರ್ಟರ್. ನಾವಿರುವುದು ಸಾಗರದ ಹತ್ತಿರ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ಇರುವುದು ನಮ್ಮ ತಾಲ್ಲೂಕಿನಲ್ಲೇ. ನಮ್ಮ ಕಡೆ ಎಷ್ಟೋ ಮನೆಗಳ ಹಿರಿಯರು ಲಿಂಗನಮಕ್ಕಿ ಹಿನ್ನೀರಿಗೆ ಗದ್ದೆ ತೋಟ ಬಿಟ್ಟು ಎದ್ದು ಬಂದವರು. ಹಾಗಾಗಿ ಕರೆಂಟ್ ಸುಮ್ನೆ ಪೋಲಾಗುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಏನನ್ನೂ ಕೊಳ್ಳುವ ಮೊದಲು ಗೋಡೆಯ ಸಾಕೆಟ್‌ಗೆ ಸಿಕ್ಕಿಸುವ ವ್ಯಾಟ್ ಮೀಟರ್ ತರಿಸಿದೆ. ಕಂಪ್ಯೂಟರ್, ಮಾನಿಟರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಅದರ ಹಿಂದೆ ಮೀಟರ್ ಇಟ್ಟೆ. ಇದು ಯಾಕೆ ಬೇಕು ಅಂದರೆ, ಸಾಫ್ಟ್‌ವೇರ್ ತೋರಿಸುವ ಅಂಕಿ ಎಲ್ಲ ಕಾರ್ಡಿಗೂ ಒಂದೇ ಅರ್ಥದ್ದಲ್ಲ. ಆರ್‌ಎಕ್ಸ್ 580 ತೋರಿಸುವುದು ಚಿಪ್ಪಿನ ವ್ಯಾಟ್ ಮಾತ್ರ. ಮೆಮೊರಿ, ಫ್ಯಾನ್, ವೋಲ್ಟೇಜ್ ಇಳಿಸುವ ಭಾಗಗಳ ಬಿಸಿ ಅದರಲ್ಲಿ ಸೇರುವುದಿಲ್ಲ. ಎನ್‌ವಿಡಿಯಾ ಕಾರ್ಡುಗಳು ಇಡೀ ಕಾರ್ಡಿನ ಲೆಕ್ಕ ಕೊಡುತ್ತವೆ. ಎರಡನ್ನೂ ಪರದೆಯ ಮೇಲೆ ನೋಡಿ ಹೋಲಿಸಿದರೆ ಹಳೇ ಕಾರ್ಡಿಗೆ ಪುಕ್ಕಟೆ ರಿಯಾಯಿತಿ ಕೊಟ್ಟ ಹಾಗೆ. ಗೋಡೆಯ ಮೀಟರ್‌ಗೆ ಈ ಭೇದ ಇಲ್ಲ. ಮೆಸ್ಕಾಂ ಅಳೆಯುವುದನ್ನೇ ಅದೂ ಅಳೆಯುತ್ತದೆ.

ಆಟ ಆಡುವಾಗ ಮೀಟರ್ 310ರ ಆಸುಪಾಸು ತೋರಿಸಿತು. ಎಕ್ಸೆಲ್ ತೆರೆದುಕೊಂಡು ಕುಳಿತಾಗ 95. ದಿನಕ್ಕೆ ಐದು ಗಂಟೆ ಆಟ, ಐದು ಗಂಟೆ ಕೆಲಸ ಅಂತ ಇಟ್ಟುಕೊಂಡರೆ ತಿಂಗಳಿಗೆ 60 ಯೂನಿಟ್. ಅದರಲ್ಲಿ 46 ಬರೀ ಆಟಕ್ಕೆ. ಉಳಿದ ಮನೆಯೆಲ್ಲಾ, ಫ್ರಿಜ್, ಪಂಪು, ಮಿಕ್ಸಿ, ಗ್ರೈಂಡರ್ ಸೇರಿ, 145ರ ಹತ್ತಿರ. ಅಂದರೆ ಗೆರೆ ದಾಟಿಸುತ್ತಿದ್ದದ್ದು ಯಾರು ಅಂತ ಸ್ಪಷ್ಟವಾಯಿತು.

ದುಡ್ಡು ಖರ್ಚು ಮಾಡದೆ ಎಷ್ಟು ಇಳಿಯುತ್ತದೆ ಅಂತ ಮೊದಲು ನೋಡಿದೆ. ನಮ್ಮ ಮಾನಿಟರ್ 75 ಹರ್ಟ್ಜ್‌ನದು. ಸೆಕೆಂಡಿಗೆ 75 ಚಿತ್ರಕ್ಕಿಂತ ಜಾಸ್ತಿ ಅದು ತೋರಿಸುವುದಿಲ್ಲ. ಆದರೂ ಹಗುರವಾದ ಆಟದಲ್ಲಿ ಕಾರ್ಡ್ 120, 130 ಫ್ರೇಮ್ ಬರೆಯುತ್ತಲೇ ಇರುತ್ತದೆ. ಕಣ್ಣಿಗೆ ಬೀಳದ ಆ ಫ್ರೇಮ್‌ಗಳಿಗೂ ಕರೆಂಟ್ ಬೇಕು. ಡ್ರೈವರಿನಲ್ಲಿ 72ಕ್ಕೆ ಮಿತಿ ಹಾಕಿದೆ. ಹಗುರವಾದ ಆಟಗಳಲ್ಲಿ ಮೀಟರ್ 50 ವ್ಯಾಟ್ ಇಳಿಯಿತು. ಭಾರದ ಆಟಗಳಲ್ಲಿ ಏನೂ ಆಗಲಿಲ್ಲ, ಯಾಕೆಂದರೆ ಅಲ್ಲಿ ಕಾರ್ಡಿಗೆ 45 ಫ್ರೇಮ್ ಕೊಡುವುದೇ ಕಷ್ಟವಾಗಿತ್ತು. ಹೊಸ ಕಾರ್ಡ್ ಬೇಕು ಅನ್ನುವುದು ಆಗ ಖಚಿತವಾಯಿತು. ಜಾಸ್ತಿ ಫ್ರೇಮ್ ಹೊಡೆಯುವ ಕಾರ್ಡ್ ಅಲ್ಲ, 72 ಫ್ರೇಮನ್ನು ಕಡಿಮೆ ವ್ಯಾಟ್‌ನಲ್ಲಿ ಕೊಡುವ ಕಾರ್ಡ್. ಉಳಿದ ಆಯ್ಕೆಗಳೆಲ್ಲ ಇದರ ಮೇಲೇ ನಿಂತವು.

ಕಾರ್ಡ್ ಆರಿಸುವುದಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಕಂಪನಿಗಳು ಹೇಳುವ ಇಡೀ ಕಾರ್ಡಿನ ವ್ಯಾಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ನಮ್ಮ ಆರ್‌ಎಕ್ಸ್ 580: 185. ಆರ್‌ಎಕ್ಸ್ 6600: 132. ಆರ್‌ಎಕ್ಸ್ 7600: 165. 12 ಜಿಬಿಯ ಆರ್‌ಟಿಎಕ್ಸ್ 3060: 170. ಆರ್‌ಟಿಎಕ್ಸ್ 4060: 115. ಆರ್‌ಟಿಎಕ್ಸ್ 4060 ಟಿಐ: 160. ಮೇಲುನೋಟಕ್ಕೇ 4060 ಎದ್ದು ಕಾಣುತ್ತಿತ್ತು. 580ರ ಎರಡು ಪಟ್ಟಿಗೂ ಮೇಲ್ಪಟ್ಟ ಕೆಲಸವನ್ನು 70 ವ್ಯಾಟ್ ಕಡಿಮೆಯಲ್ಲಿ ಮಾಡುವುದು ಸಣ್ಣ ಮಾತಲ್ಲ. 580 ಚಿಪ್ 14 ನ್ಯಾನೋಮೀಟರಿನದು, 4060 ತಯಾರಾಗುವುದು ಚಿಪ್ ಕಂಪನಿ ಟಿಎಸ್‌ಎಂಸಿಯ ಇನ್ನೂ ಸೂಕ್ಷ್ಮವಾದ 4ಎನ್ ಪ್ರಕ್ರಿಯೆಯಲ್ಲಿ. ಅದಕ್ಕಿಂತ ನನಗೆ ಇಷ್ಟವಾದದ್ದು ಕ್ಯಾಶ್‌ನ, ಅಂದರೆ ಚಿಪ್ಪಿನ ಒಳಗಿನ ಸಣ್ಣ ಮೆಮೊರಿಯ ವಿಚಾರ. 580ರಲ್ಲಿ ಎಲ್2 ಕ್ಯಾಶ್ 2 ಎಂಬಿ, 4060ರಲ್ಲಿ 24 ಎಂಬಿ. ಬೇಕಾದ ಡೇಟಾ ಚಿಪ್ಪಿನ ಒಳಗೇ ಸಿಕ್ಕಿದರೆ ಹೊರಗಿನ ಮೆಮೊರಿಗೆ ಓಡಾಡುವುದು ತಪ್ಪುತ್ತದೆ. ಆ ಓಡಾಟವೇ ಕರೆಂಟ್ ತಿನ್ನುವುದು. ಹಾಗಾಗಿಯೇ ಮೆಮೊರಿಗೆ ಹೋಗುವ ದಾರಿ, ಅಂದರೆ ಬಸ್, 256 ಬಿಟ್ ಇದ್ದ ಕಡೆ 128 ಬಿಟ್ ಇಟ್ಟರೂ ಅದಕ್ಕೆ ನಡೆಯುತ್ತದೆ.

4060ರಲ್ಲಿ ತಕರಾರೂ ಇದೆ. ಮೆಮೊರಿ 8 ಜಿಬಿ ಮಾತ್ರ. ಜೊತೆಗೆ ಮದರ್‌ಬೋರ್ಡಿನ ಜೊತೆ ಡೇಟಾ ಸಾಗಿಸುವ ದಾರಿಯಾದ ಪಿಸಿಐಇ 4.0ರ ಎಂಟು ಲೇನ್ ಮಾತ್ರ ಅದು ಬಳಸುತ್ತದೆ. ನಮ್ಮ ಬಿ450 ಬೋರ್ಡ್ ಪಿಸಿಐಇ 3.0. ಅಲ್ಲಿ ಎಂಟು ಲೇನ್ ಅಂದರೆ ಸೆಕೆಂಡಿಗೆ 8 ಜಿಬಿ ಹತ್ತಿರ, ಹೊಸ ಬೋರ್ಡಿನಲ್ಲಿ ಸಿಗುವುದರ ಅರ್ಧ. ಕಾರ್ಡಿನ ಮೆಮೊರಿ ತುಂಬದಿರುವ ತನಕ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ತುಂಬಿ ತುಳುಕಿತು ಅಂದರೆ ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ ಬರಬೇಕು, ಆಗ ಆಟ ಎಡವುತ್ತದೆ. ನಾವು ಆಡುವುದು 1080ಪಿ ಪರದೆಯಲ್ಲಿ. ಟೆಕ್ಸ್ಚರ್ ಸೆಟ್ಟಿಂಗನ್ನು ಅಲ್ಟ್ರಾದಿಂದ ಹೈಗೆ ಇಳಿಸಿದರೆ 8 ಜಿಬಿಯಲ್ಲಿ ಸಾಗುತ್ತದೆ ಅನ್ನುವುದು ನನ್ನ ಲೆಕ್ಕ. 1440ಪಿ ಮಾನಿಟರ್ ಇದ್ದವರಿಗೆ ನಾನು ಇದೇ ಮಾತು ಹೇಳುವುದಿಲ್ಲ.

ಆರ್‌ಎಕ್ಸ್ 7600 ಮೂರು ನಾಲ್ಕು ಸಾವಿರ ಅಗ್ಗಕ್ಕೆ ಸಿಗುತ್ತಿತ್ತು, ವೇಗವೂ ಹೆಚ್ಚುಕಡಿಮೆ ಅಷ್ಟೇ. 50 ವ್ಯಾಟ್ ವ್ಯತ್ಯಾಸ ಅಂದರೆ ತಿಂಗಳಿಗೆ ಏಳೂವರೆ ಯೂನಿಟ್, 45 ರೂಪಾಯಿ. ಬರೀ ಯೂನಿಟ್ ದರದ ಮೇಲೆ ನೋಡಿದರೆ ಆ ಹಣ ಹುಟ್ಟಲು ಆರೇಳು ವರ್ಷ ಬೇಕು. ಇದನ್ನು ಮುಚ್ಚಿಡುವುದು ಸರಿಯಲ್ಲ. ಗೃಹಜ್ಯೋತಿಯ ಗೆರೆಯಿಂದ ದೂರ ಇರುವ, ಇನ್ವರ್ಟರ್ ಇಲ್ಲದ ಮನೆಗೆ 7600 ಒಳ್ಳೆಯ ಕಾರ್ಡೇ. ನಮಗೆ ಆ 50 ವ್ಯಾಟ್‌ನ ಬೆಲೆ ಬೇರೆ.

ಅದು ಇನ್ವರ್ಟರಿನ ಲೆಕ್ಕ ಹಾಕಿದಾಗ ಚೆನ್ನಾಗಿ ಕಂಡಿತು. ನಮ್ಮದು 900 ವಿಎ, ಪ್ಯೂರ್ ಸೈನ್ ವೇವ್, 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ. 12 ವೋಲ್ಟ್ ಗುಣಿಸು 150, ಕಾಗದದ ಮೇಲೆ 1800 ವ್ಯಾಟ್ ಅವರ್. ಆದರೆ ಬ್ಯಾಟರಿ ಮೇಲೆ ಬರೆದ 150 ಎಎಚ್ ಅನ್ನುವುದು ಇಪ್ಪತ್ತು ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಅಂಕಿ, ಅಂದರೆ ಏಳೂವರೆ ಆಂಪಿಯರ್‌ನಂತೆ. ನಮ್ಮ ಹಳೇ ಕಂಪ್ಯೂಟರ್, ಫ್ಯಾನ್, ಲೈಟು, ವೈಫೈ ಸೇರಿ 370 ವ್ಯಾಟ್ ಎಳೆದರೆ ಬ್ಯಾಟರಿಯಿಂದ 30 ಆಂಪಿಯರ್‌ಗೂ ಜಾಸ್ತಿ ಹೋಗುತ್ತದೆ. ಲೆಡ್ ಆಸಿಡ್ ಬ್ಯಾಟರಿಯ ಗುಣವೇ ಹಾಗೆ, ಜೋರಾಗಿ ಎಳೆದಷ್ಟೂ ಒಟ್ಟು ಕೊಡುವುದೇ ಕಡಿಮೆ. ಲೋಡ್ ಅರ್ಧಕ್ಕೆ ಇಳಿಸಿದರೆ ಬ್ಯಾಟರಿ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ಬರುತ್ತದೆ. ಮಳೆಗಾಲದ ಸಂಜೆ ಅಮ್ಮನಿಗೆ ಅಡುಗೆಮನೆಯ ಲೈಟು ಉಳಿಯಬೇಕು ಅಂದರೆ ಕಂಪ್ಯೂಟರಿನ ಒಂದೊಂದು ವ್ಯಾಟೂ ಮುಖ್ಯ.

ಇನ್ನೆರಡು ಮಾತು ಇನ್ವರ್ಟರ್ ಬಗ್ಗೆ. ಈಗಿನ ಪವರ್ ಸಪ್ಲೈಗಳಲ್ಲಿ ಕರೆಂಟನ್ನು ಸಮನಾಗಿ ಎಳೆಯುವಂತೆ ಮಾಡುವ ಆಕ್ಟಿವ್ ಪಿಎಫ್‌ಸಿ ಅನ್ನುವ ಭಾಗ ಇರುತ್ತದೆ, ಅವಕ್ಕೆ ಸ್ಕ್ವೇರ್ ವೇವ್ ಇನ್ವರ್ಟರ್ ಸರಿ ಹೊಂದುವುದಿಲ್ಲ. ಪ್ಯೂರ್ ಸೈನ್ ವೇವ್ ಬೇಕು. ಇನ್ವರ್ಟರಿನ ಹಿಂದೆಯೋ ಪಕ್ಕದಲ್ಲೋ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿರದಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವುದು ತಡವಾಗಿ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಪ್ರೊಸೆಸರ್ ವಿಚಾರದಲ್ಲಿ ದಾರಿ ನೇರವಾಗಿತ್ತು. ನಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿನ ದೊಡ್ಡ ಗುಣ ಅಂದರೆ 2018ರ ಬೋರ್ಡಿಗೆ 2022ರ ರೈಜೆನ್ 5 5600 ಕೂರುತ್ತದೆ. ಬೋರ್ಡು, ರ‍್ಯಾಮ್ ಬದಲಿಸುವ ಖರ್ಚಿಲ್ಲ. ಹಳೆಯ 2600ರಲ್ಲಿ 16 ಎಂಬಿ ಎಲ್3 ಕ್ಯಾಶ್ ಎರಡು ತುಂಡಾಗಿ ಹಂಚಿಹೋಗಿದೆ. 5600ರಲ್ಲಿ 32 ಎಂಬಿ, ಆರು ಕೋರ್‌ಗೂ ಸೇರಿ ಒಂದೇ. ಆಟಗಳಿಗೆ ಇದು ತುಂಬಾ ಹಿಡಿಸುತ್ತದೆ. ಎರಡರ ಡಬ್ಬಿಯ ಮೇಲೂ 65 ವ್ಯಾಟ್ ಅಂತಲೇ ಬರೆದಿದೆ, ಆದರೆ ಅದು ಕೂಲರ್ ಆರಿಸಲು ಕೊಡುವ ಅಂಕಿ. ಸಾಕೆಟ್ಟಿನಿಂದ ಎಳೆಯುವ ಮಿತಿ 5600ಕ್ಕೆ 76 ವ್ಯಾಟ್.

ತಮ್ಮ 5700ಎಕ್ಸ್3ಡಿ ಕೇಳಿದ. ಅದರ 96 ಎಂಬಿ ಕ್ಯಾಶ್ ಆಟಕ್ಕೆ ಚಿನ್ನ, ನಿಜ. ಆದರೆ 72 ಫ್ರೇಮ್‌ಗೆ ಮಿತಿ ಹಾಕಿಕೊಂಡ ಮೇಲೆ 5600 ಕೊಡುವುದೇ ಮಿಗುತ್ತದೆ. ಬೆಲೆಯೂ ಎರಡು ಪಟ್ಟಿನ ಹತ್ತಿರ ಇತ್ತು. 5600ಜಿ ಬಗ್ಗೆ ಮಾತ್ರ ನಾನು ಹೆಚ್ಚು ಯೋಚಿಸಿದೆ. ಅದು ಒಂದೇ ಚಿಪ್ಪಿನದು, ಸುಮ್ಮನೆ ಕುಳಿತಾಗ 5600ಗಿಂತ ಕಡಿಮೆ ಎಳೆಯುತ್ತದೆ. 5600 ಒಳಗೆ ಕೋರ್‌ಗಳದ್ದೊಂದು ಚಿಪ್, ಹೊರಗಿನ ಸಂಪರ್ಕಕ್ಕೆ ಇನ್ನೊಂದು ಚಿಪ್. ಆ ಎರಡನೆಯದು ಸದಾ ಎಚ್ಚರವಾಗಿರುತ್ತದೆ. ಹಗಲೆಲ್ಲಾ ಎಕ್ಸೆಲ್ ಮುಂದೆ ಕೂರುವ ನನಗೆ 5600ಜಿ ಸರಿಯಿತ್ತು, ಆದರೆ ಅದರ ಎಲ್3 ಕ್ಯಾಶ್ 16 ಎಂಬಿ ಮಾತ್ರ. ಸಂಜೆಯ ಕೆಲಸಕ್ಕೆ ಅದು ಕೊರತೆ. 5600ಕ್ಕೇ ನಿಂತೆ. ಮುಂದಿನ ತಲೆಮಾರಿನ ಎಎಂ5 ಸಾಕೆಟ್ಟಿಗೆ ಹೋಗುವ ಮಾತು ಬಂತು, ಬೋರ್ಡು ಮತ್ತು ಡಿಡಿಆರ್5 ರ‍್ಯಾಮ್ ಸೇರಿಸಿ ಲೆಕ್ಕ ಹಾಕಿದ ಮೇಲೆ ಬಿಟ್ಟೆವು.

ಕೊಳ್ಳಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಆನ್‌ಲೈನಲ್ಲಿ ಸಿಗುತ್ತದೆ, ಗೊತ್ತು. ಆದರೆ ಪ್ರೊಸೆಸರ್, ಕಾರ್ಡು ಎರಡನ್ನೂ ಕಣ್ಣಲ್ಲಿ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು ತರುವುದು ನನಗೆ ಸಮಾಧಾನ. ಅಂಗಡಿಯವರು ಲಿಸ್ಟ್ ನೋಡಿ, "ಸರ್, ಪವರ್ ಸಪ್ಲೈ ಹಳೇದೇ ಇಟ್ಕೊತೀರಾ? 750 ಗೋಲ್ಡ್ ಹಾಕ್ಸಿ ಸರ್, ಕರೆಂಟೂ ಉಳಿಯತ್ತೆ, ಮುಂದಕ್ಕೂ ಆಗತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಈ ಲೆಕ್ಕ ನಾನು ಮನೆಯಲ್ಲೇ ಹಾಕಿಕೊಂಡಿದ್ದೆ. 115 ವೋಲ್ಟ್‌ನ 80 ಪ್ಲಸ್ ಅನ್ನುವ ದಕ್ಷತೆಯ ಪರೀಕ್ಷೆಯಲ್ಲಿ ಅರ್ಧ ಲೋಡ್‌ಗೆ ಬ್ರಾಂಜ್ 85 ಶೇಕಡಾ, ಗೋಲ್ಡ್ 90 ಶೇಕಡಾ ಕೊಡಬೇಕು. ನಮ್ಮ ಲೋಡ್‌ಗೆ ವ್ಯತ್ಯಾಸ ಹತ್ತು ವ್ಯಾಟ್ ಮೀರುವುದಿಲ್ಲ. ತಿಂಗಳಿಗೆ ಎರಡು ಯೂನಿಟ್ ಒಳಗೆ. ಅದೂ ಅಲ್ಲದೆ ಬ್ರಾಂಜ್, ಗೋಲ್ಡ್ ಪರೀಕ್ಷೆ ಶುರುವಾಗುವುದೇ 20 ಶೇಕಡಾ ಲೋಡ್‌ನಿಂದ. ಸುಮ್ಮನೆ ಕುಳಿತ ಕಂಪ್ಯೂಟರ್ 50 ವ್ಯಾಟ್ ಎಳೆಯುವಾಗ 750ರ ಸಪ್ಲೈ ಹತ್ತು ಶೇಕಡಾ ಕೆಳಗೆ ಓಡುತ್ತಿರುತ್ತದೆ. ಅಲ್ಲಿ ಅದರ ದಕ್ಷತೆಗೆ ಆ ಬಿಲ್ಲೆಯ ಖಾತರಿ ಇಲ್ಲ. ಎನ್‌ವಿಡಿಯಾ 4060ಗೆ ಹೇಳುವುದೇ 550 ವ್ಯಾಟ್ ಸಪ್ಲೈ. ನಮ್ಮದಕ್ಕೆ ಏಳು ವರ್ಷದ ವಾರಂಟಿ ಇತ್ತು, ಇನ್ನೂ ಮುಗಿದಿರಲಿಲ್ಲ. "ಬೇಡ ಸರ್, ಇದೇ ಇರಲಿ" ಅಂದೆ. ಅವರೂ ನಕ್ಕು ಬಿಟ್ಟರು. ಒಂದೇ ಒಂದು 8 ಪಿನ್ ಕನೆಕ್ಟರ್ ಇರುವ, ಎರಡು ಫ್ಯಾನಿನ ಸಣ್ಣ 4060 ಕೊಟ್ಟರು. 5600 ಹನ್ನೊಂದು ಸಾವಿರದ ಆಸುಪಾಸು ಬಿತ್ತು.

ಜೋಡಿಸುವ ಮುಂಚೆ ಬಯೋಸ್, ಅಂದರೆ ಬೋರ್ಡನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರಿನ ಅಪ್‌ಡೇಟ್. ಹಳೇ ಬಯೋಸ್ ಇರುವ ಬಿ450 ಬೋರ್ಡಿಗೆ 5600 ಗುರುತೇ ಸಿಗುವುದಿಲ್ಲ, ಆದ್ದರಿಂದ ಹಳೆಯ ಪ್ರೊಸೆಸರ್ ಕೂತಿರುವಾಗಲೇ ಈ ಕೆಲಸ ಮುಗಿಸಬೇಕು. ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಫೈಲ್ ಹಾಕಿಕೊಂಡೆ. ಆಷಾಢದ ಗಾಳಿ ಮಳೆ. ಬಯೋಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ. ಬ್ಯಾಟರಿ ತುಂಬಿದೆ ಅಂತ ನೋಡಿಕೊಂಡು, ಮೇನ್ಸ್ ಆಫ್ ಮಾಡಿ, ಇನ್ವರ್ಟರ್ ಮೇಲೇ ಓಡಿಸಿದೆ. ಆಗ ಕರೆಂಟ್ ಹೋಗುವ, ಬದಲಾಗುವ ಮಾತೇ ಇಲ್ಲವಲ್ಲ. ಪರದೆಯ ಮೇಲಿನ ಪಟ್ಟಿ ನೂರಕ್ಕೆ ಮುಟ್ಟಿ ರೀಸ್ಟಾರ್ಟ್ ಆಗುವ ತನಕ ತಮ್ಮ, ನಾನು ಇಬ್ಬರೂ ಮಾತಾಡಲಿಲ್ಲ.

ಪ್ರೊಸೆಸರ್ ತೆಗೆಯುವಾಗಲೂ ಎಚ್ಚರ ಬೇಕು. ಎಎಂ4 ಪ್ರೊಸೆಸರಿನ ಪಿನ್‌ಗಳು ಅದರ ಅಡಿಯಲ್ಲೇ ಇರುತ್ತವೆ. ಕೂಲರಿನ ಪೇಸ್ಟ್ ಆರು ವರ್ಷದಲ್ಲಿ ಒಣಗಿ ಅಂಟಿಕೊಂಡಿರುತ್ತದೆ. ಕೂಲರನ್ನು ನೇರ ಮೇಲೆತ್ತಿದರೆ ಲಾಕ್ ಹಾಕಿದ ಸಾಕೆಟ್ಟಿನಿಂದಲೇ ಪ್ರೊಸೆಸರ್ ಕಿತ್ತುಕೊಂಡು ಬರುವುದುಂಟು, ಪಿನ್ ಬಾಗುವುದುಂಟು. ಹಾಗಾಗಿ ಮೊದಲು ಅರ್ಧ ಗಂಟೆ ಆಟ ಓಡಿಸಿ ಪೇಸ್ಟ್ ಬಿಸಿ ಮಾಡಿದೆವು. ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿದೆ. ಹಿಡಿತ ಬಿಟ್ಟದ್ದು ಕೈಗೆ ಗೊತ್ತಾಯಿತು. ಆಮೇಲೆ ಎತ್ತಿದೆ. ಹೊಸದು ಕೂರಿಸಿ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ಎಫ್‌ಟಿಪಿಎಂ (ಪ್ರೊಸೆಸರಿನಲ್ಲಿ ಭದ್ರತೆಯ ಕೀಗಳನ್ನು ಇಡುವ ಭಾಗ) ಬದಲಾಗಿದೆ, ವೈ ಒತ್ತುತ್ತೀರೋ ಎನ್ ಒತ್ತುತ್ತೀರೋ ಅಂತ ಕೇಳುತ್ತದೆ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿಕೊಂಡವರು ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಂಡಿರಬೇಕು. ನಾನು ಬಿಟ್‌ಲಾಕರ್ ಆಫ್ ಮಾಡಿಟ್ಟಿದ್ದೆ, ವೈ ಒತ್ತಿದೆ.

ಹಳೇ ಹಾರ್ಡ್‌ಡಿಸ್ಕ್ ಕೂಡ ಈ ಸಲ ಬಿಚ್ಚಿದೆ. ಸದಾ ತಿರುಗುತ್ತಾ ಐದಾರು ವ್ಯಾಟ್ ತಿನ್ನುತ್ತಿತ್ತು. ಫೋಟೋಗಳೆಲ್ಲ ಈಗ ಹೊರಗಿನ ಕೇಸಿನಲ್ಲಿ ಹಾಕಿಟ್ಟ ಆ ಡಿಸ್ಕ್‌ನಲ್ಲಿವೆ, ಬೇಕಾದಾಗ ಸಿಕ್ಕಿಸುತ್ತೇವೆ.

ಮೀಟರ್ ಈಗ ಏನು ಹೇಳುತ್ತದೆ? ಏನೂ ಸೆಟ್ಟಿಂಗ್ ಮುಟ್ಟದೆ ಭಾರದ ಆಟ ಆಡಿದರೆ ಮಾನಿಟರ್ ಸೇರಿ 220. ಅಲ್ಲಿಂದ ಇಳಿಸುವ ಕೆಲಸ ಶುರು ಮಾಡಿದೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ತೆರೆದು, ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಎಷ್ಟು ವೋಲ್ಟೇಜ್‌ಗೆ ಎಷ್ಟು ವೇಗ ಅನ್ನುವ ರೇಖೆ ಬರುತ್ತದೆ. 950 ಮಿಲಿವೋಲ್ಟ್‌ಗೆ 2550 ಮೆಗಾಹರ್ಟ್ಜ್ ಇಟ್ಟು, ಅಲ್ಲಿಂದ ಮುಂದಕ್ಕೆ ರೇಖೆಯನ್ನು ಚಪ್ಪಟೆ ಮಾಡಿದೆ. ಕಾರ್ಡ್ ತೋರಿಸುವ ಅಂಕಿ 115ರಿಂದ 95ಕ್ಕೆ ಬಂತು, ಫ್ರೇಮ್ ಇಳಿದದ್ದು ಎರಡೋ ಮೂರೋ. ಪ್ರತಿ ಚಿಪ್ಪೂ ಬೇರೆ ಇರುತ್ತದೆ, ನನ್ನ ಅಂಕಿ ನಿಮ್ಮ ಕಾರ್ಡಿಗೆ ನಿಲ್ಲಬೇಕು ಅಂತೇನಿಲ್ಲ. ಆಟ ನಡುವೆ ನಿಂತುಹೋದರೆ 25 ಮಿಲಿವೋಲ್ಟ್ ಏರಿಸಿ ಮತ್ತೆ ನೋಡಬೇಕು. ಆಮೇಲೆ 72 ಫ್ರೇಮ್‌ನ ಮಿತಿ. ಈಗ ಅದು ಭಾರದ ಆಟದಲ್ಲೂ ಕೆಲಸ ಮಾಡುತ್ತದೆ, ಯಾಕೆಂದರೆ ಕಾರ್ಡಿಗೆ 72 ಕೊಟ್ಟು ಉಸಿರಾಡಲು ಜಾಗ ಉಳಿದಿದೆ. ಬಹುತೇಕ ಸಂಜೆಗಳಲ್ಲಿ ಮೀಟರ್ 165ರಲ್ಲಿ ನಿಲ್ಲುತ್ತದೆ. ಎಲ್ಡನ್ ರಿಂಗ್ ತರಹ 60 ಫ್ರೇಮ್‌ಗೇ ಕಟ್ಟಿಟ್ಟ ಆಟದಲ್ಲಿ ಅದಕ್ಕಿಂತಲೂ ಕೆಳಗೆ. 310 ಇದ್ದದ್ದು 165, ಅದೂ ಚಿತ್ರ ಮೊದಲಿಗಿಂತ ಚೆನ್ನಾಗಿ ಬರುತ್ತಿರುವಾಗ!

ಕೆಲಸದ ಹೊತ್ತಿನ ಅಂಕಿ ಅಷ್ಟೊಂದು ಇಳಿಯಲಿಲ್ಲ. 95ರಿಂದ 78. ಅದರಲ್ಲೂ ಹೆಚ್ಚಿನ ಪಾಲು ಕಾರ್ಡು ಮತ್ತು ಹಾರ್ಡ್‌ಡಿಸ್ಕಿನದು. ಪ್ರೊಸೆಸರ್ ಬದಲಿಸಿದ್ದರಿಂದ ಇಲ್ಲಿ ಏನೂ ಸಿಗಲಿಲ್ಲ. ಎರಡು ಚಿಪ್ಪಿನ ಆ ರಚನೆ ಇರುವಾಗ ಇಲ್ಲಿ ಉಳಿತಾಯ ಸಿಗುತ್ತದೆ ಅಂತ ನಾನು ಎಣಿಸಿಯೂ ಇರಲಿಲ್ಲ. ಬಯೋಸ್‌ನಲ್ಲಿ ಇಕೋ ಮೋಡ್ ಹಾಕಿ ಪ್ರೊಸೆಸರನ್ನು 45 ವ್ಯಾಟ್ ದರ್ಜೆಗೆ ಇಳಿಸಿ ನೋಡಿದೆ. ಆಟದಲ್ಲಿ ಅದು ಹೇಗೂ ಮಿತಿಯ ತನಕ ಹೋಗುವುದಿಲ್ಲವಾದ್ದರಿಂದ ಮೀಟರಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ವಿಡಿಯೋ ಎಡಿಟಿಂಗ್ ಮಾಡುವವರಿಗೆ ಅದರ ಉಪಯೋಗ ಜಾಸ್ತಿ.

ತಿಂಗಳ ಲೆಕ್ಕದಲ್ಲಿ ಕಂಪ್ಯೂಟರಿನ ಪಾಲು 60 ಯೂನಿಟ್‌ನಿಂದ 36ಕ್ಕೆ ಬಂದಿದೆ. ಮನೆಯ ಬಿಲ್ 180ರ ಆಸುಪಾಸಿನಲ್ಲಿ ನಿಂತಿದೆ, ಉಚಿತದ ಮೇಲಿನ ಕೆಲವು ಯೂನಿಟ್‌ಗೆ ಮಾತ್ರ ಕಟ್ಟುತ್ತೇವೆ. ಕರೆಂಟ್ ಹೋದ ಸಂಜೆ ತಮ್ಮ ಒಂದು ಮ್ಯಾಚ್ ಪೂರ್ತಿ ಮುಗಿಸಿ ಎದ್ದರೂ ಇನ್ವರ್ಟರಿನ ಬ್ಯಾಟರಿ ಕಡ್ಡಿ ಒಂದೇ ಇಳಿದಿರುತ್ತದೆ.

ಇನ್ನು ಉಳಿದಿರುವುದು ಮಾನಿಟರಿನ ಪ್ರಶ್ನೆ. ತಮ್ಮನಿಗೆ 144 ಹರ್ಟ್ಜ್ ಬೇಕು. ಅದು ಬಂದರೆ 72ರ ಮಿತಿ ಬಿಚ್ಚಬೇಕಾಗುತ್ತದೆ, ಕಾರ್ಡ್ ಮತ್ತೆ ಪೂರ್ತಿ ದುಡಿಯುತ್ತದೆ. ಶೂಟಿಂಗ್ ಆಟಕ್ಕೆ 120, ಉಳಿದದ್ದಕ್ಕೆಲ್ಲ 72 ಅಂತ ಆಟಕ್ಕೊಂದರಂತೆ ಮಿತಿ ಇಡಲು ಡ್ರೈವರಿನಲ್ಲಿ ದಾರಿ ಇದೆ. ಸ್ನೇಹಿತನ 144 ಹರ್ಟ್ಜ್ ಮಾನಿಟರ್ ಒಂದು ವಾರಕ್ಕೆ ತರುತ್ತೇನೆ ಅಂದಿದ್ದಾನೆ. ತರಲಿ, ಮೀಟರ್ ಸಿಕ್ಕಿಸಿ ನೋಡೋಣ ಅಂದಿದ್ದೇನೆ.